ಮೋಟರ್‌ಹೋಮ್ ವಾರಂಟಿ ಉಳಿಯಬೇಕಾದರೆ ವರ್ಷಕ್ಕೊಮ್ಮೆ ಏನೇನು ಮಾಡಿಸಲೇಬೇಕು?

ಉರುಳುಮನೆ:

ನಮ್ಮ ಮೋಟರ್‌ಹೋಮ್ (ಅಡುಗೆ, ಮಲಗುವ ಜಾಗ ಒಳಗೇ ಇರುವ ಮನೆಗಾಡಿ) ಡೀಸೆಲ್ ವ್ಯಾನಿನ ಚಾಸಿಸ್ ಮೇಲೆ ಬಾಡಿ ಕಟ್ಟಿದ್ದು. ಮೊದಲ ನೋಂದಣಿ ಮಾರ್ಚ್ 14, ಡೆಲಿವರಿ ಮೇ 2. ನೋಂದಣಿಯಾಗಿ ಹತ್ತು ತಿಂಗಳು, ಓಡಿರುವುದು 5,800 ಕಿ.ಮೀ. ಚಾಸಿಸ್‌ಗೆ ಒಂದು ಪುಸ್ತಕ, ಬಾಡಿಗೆ ಇನ್ನೊಂದು ಪುಸ್ತಕ ಕೊಟ್ಟಿದ್ದಾರೆ. ಬಾಡಿಯ ಪುಸ್ತಕದಲ್ಲಿ ನೀರಿನ ಸೋರಿಕೆಗೆ 6 ವರ್ಷ ವಾರಂಟಿ ಇದೆ, ಆದರೆ "ಪ್ರತಿ ವರ್ಷ ಅಧಿಕೃತ ವರ್ಕ್‌ಶಾಪಿನಲ್ಲಿ ತಪಾಸಣೆ ಆಗಿರಬೇಕು" ಎಂಬ ಷರತ್ತಿನ ಮೇಲೆ.

ಕಿಲೋಮೀಟರು ಇಷ್ಟು ಕಮ್ಮಿ ಇರುವಾಗಲೂ ಎಂಜಿನ್ ಸರ್ವೀಸ್ ಬೇಕೆ? ವರ್ಷವನ್ನು ಯಾವ ತಾರೀಖಿನಿಂದ ಎಣಿಸುವುದು? ಬಾಡಿಯೊಳಗೆ ನೀರು ಇಳಿದಿದೆಯೇ ಎಂದು ನೋಡುವ ಈ ತೇವದ ತಪಾಸಣೆಯನ್ನೂ ಎಂಜಿನ್ ಸರ್ವೀಸ್ ಮಾಡುವವರ ಹತ್ತಿರವೇ ಮುಗಿಸಿಕೊಳ್ಳಬಹುದೆ? ಚಾವಣಿ ಮೇಲೆ ಇನ್ನೊಂದು ಸೋಲಾರ್ ಪ್ಯಾನೆಲ್ ಹಾಕಿಸುವ ಯೋಚನೆಯೂ ಇದೆ. ಅದರಿಂದ ವಾರಂಟಿಗೆ ಕುತ್ತು ಬರುತ್ತದೆಯೆ?

ನಟ್ಟುಬೋಲ್ಟು:

ಮೊದಲು ನಿಮ್ಮ ಹತ್ತಿರ ಎಷ್ಟು ವಾರಂಟಿ ಇವೆ ಅಂತ ಎಣಿಸಿಕೊಳ್ಳಿ. ಎಂಜಿನ್, ಗೇರ್‌ಬಾಕ್ಸ್, ಚಾಸಿಸ್‌ದು ವ್ಯಾನ್ ಕಂಪನಿಯದು. ಬಾಡಿ, ಒಳಗಿನ ಕಪಾಟು, ವೈರಿಂಗ್‌ದು ಬಾಡಿ ಕಟ್ಟಿದವರದು. ಸೋರಿಕೆಯದು ಅವರದೇ ಆದರೂ ಅವಧಿ ಬೇರೆ, ಷರತ್ತೂ ಬೇರೆ. ಫ್ರಿಜ್, ಹೀಟರ್, ಟಾಯ್ಲೆಟ್, ಬ್ಯಾಟರಿಗಳಿಗೆ ಆಯಾ ಕಂಪನಿಯ ವಾರಂಟಿ ಪ್ರತ್ಯೇಕ. ಟೈರು ಟೈರಿನವರದು. ಒಂದರ ಠಸ್ಸೆ ಇನ್ನೊಂದಕ್ಕೆ ನಡೆಯುವುದಿಲ್ಲ. ಎಂಜಿನ್ ಸರ್ವೀಸ್ ಎಷ್ಟೇ ಕಟ್ಟುನಿಟ್ಟಾಗಿ ಮಾಡಿಸಿದ್ದರೂ ತೇವದ ತಪಾಸಣೆ ತಪ್ಪಿದ್ದರೆ ಸೋರಿಕೆಯ ಕ್ಲೇಮು ಬಿದ್ದುಹೋಗುತ್ತದೆ.

ತಾರೀಖಿನ ವಿಷಯ: ಚಾಸಿಸ್ ವಾರಂಟಿ ಸಾಮಾನ್ಯವಾಗಿ ಮೊದಲ ನೋಂದಣಿಯಿಂದ ಓಡುತ್ತದೆ. ಬಾಡಿಯದು ಕೆಲವರಲ್ಲಿ ಡೆಲಿವರಿಯಿಂದ, ಕೆಲವರಲ್ಲಿ ನೋಂದಣಿಯಿಂದ. ಪುಸ್ತಕದ ಮೊದಲ ಪುಟಗಳಲ್ಲೇ ಇರುತ್ತದೆ. ಜೊತೆಗೆ, ಆ ವಾರ್ಷಿಕ ತಾರೀಖಿನ ಹಿಂದೆ ಮುಂದೆ ಎಷ್ಟು ದಿನದೊಳಗೆ ತಪಾಸಣೆ ಆಗಬೇಕು ಎಂಬ ಸಾಲನ್ನೂ ಹುಡುಕಿ. ಜನ ತಡವಾಗಿ ಹೋಗಿ ಸಿಕ್ಕಿಬೀಳುತ್ತಾರೆ ನಿಜ, ತೀರಾ ಮುಂಚೆ ಹೋಗಿಯೂ ಸಿಕ್ಕಿಬೀಳುತ್ತಾರೆ. ನಿಮ್ಮ ಲೆಕ್ಕದಲ್ಲಿ ಎಂಜಿನ್ ಕೆಲಸ ಮಾರ್ಚ್ 14ರೊಳಗೆ. ಬಾಡಿಗೆ ಮೇ 2 ಲೆಕ್ಕವಾದರೆ ಅದಕ್ಕೆ ಬೇರೆ ದಿನ. ಎರಡನ್ನೂ ಒಂದೇ ದಿನಕ್ಕೆ ತಳ್ಳುವ ಮೊದಲು ಎರಡೂ ಅವಧಿ ಒಂದರ ಮೇಲೊಂದು ಕೂರುತ್ತವೆಯೇ ನೋಡಿ. ವರ್ಕ್‌ಶಾಪು ಸಿಗುವುದು ಕಷ್ಟ, ಎರಡು ಮೂರು ತಿಂಗಳು ಮುಂಚೆಯೇ ದಿನ ಹಿಡಿದಿಡಿ. ಅವರೇ ದಿನ ಮುಂದೂಡಿದರೆ ಆ ಮೆಸೇಜನ್ನು ಅಳಿಸಬೇಡಿ.

ಕಿ.ಮೀ. ಕಮ್ಮಿ ಎಂಬುದು ನೆಪಕ್ಕೆ ಬರುವುದಿಲ್ಲ. ಪುಸ್ತಕದಲ್ಲಿ ಇರುವುದು "ಇಷ್ಟು ಕಿ.ಮೀ. ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು". ಮೋಟರ್‌ಹೋಮುಗಳಲ್ಲಿ ಮೊದಲು ಬರುವುದು ತಿಂಗಳೇ. ಇದಕ್ಕೆ ಕಾರಣವೂ ಇದೆ. ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತನ್ನೊಳಗಿನ ಮಸಿ ಸುಟ್ಟುಕೊಳ್ಳುವಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಎರಚುತ್ತದೆ. ಸುಡುವುದು ಮುಗಿಯುವ ಮುಂಚೆ ಗಾಡಿ ನಿಲ್ಲಿಸಿದರೆ ಅದರಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಮೇಲಕ್ಕೆ ಹೋಗಿದ್ದರೆ ಖುಷಿಪಡಬೇಡಿ, ಅದು ಡೀಸೆಲ್ ಬೆರೆತು ತೆಳುವಾದ ಆಯಿಲ್. ಬ್ರೇಕ್ ಆಯಿಲ್ ನಿಂತಲ್ಲೇ ಗಾಳಿಯ ತೇವ ಹೀರುತ್ತದೆ, ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಾಯಿಸಬೇಕು. ಟೈಮಿಂಗ್ ಬೆಲ್ಟಿಗೂ ಕಿ.ಮೀ. ಜೊತೆಗೆ ವರ್ಷದ ಮಿತಿ ಇರುತ್ತದೆ. ಆಡ್‌ಬ್ಲೂ (ಹೊಗೆ ಶುದ್ಧ ಮಾಡಲು ಎರಚುವ ದ್ರವ) ಟ್ಯಾಂಕಿದ್ದರೆ, ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ದ್ರವ ಕೆಟ್ಟು ಹರಳುಗಟ್ಟಿ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ.

ಬಿಲ್ಲಿನ ಮೇಲೆ "ಜನರಲ್ ಸರ್ವೀಸ್" ಅಂತ ಒಂದೇ ಸಾಲು ಇದ್ದರೆ ತಿರುಗಿ ಕೊಡಿ. ಚಾಸಿಸ್ ನಂಬರ್, ತಾರೀಖು, ಮೀಟರ್ ರೀಡಿಂಗ್, ಆಯಿಲ್ ಎಷ್ಟು ಲೀಟರ್, ಯಾವ ಗ್ರೇಡ್, ಯಾವ ಅನುಮೋದನೆಯದು (ಯುರೋಪಿನ ವಾಹನ ತಯಾರಕರ ಸಂಘವಾದ ಎಸಿಇಎಯ ಸಿ2, ಸಿ3 ದರ್ಜೆ ಅಥವಾ ಕಂಪನಿಯ ಸ್ವಂತ ಕೋಡ್), ಫಿಲ್ಟರಿನ ಪಾರ್ಟ್ ನಂಬರ್, ಇಷ್ಟೂ ಬರೆಸಿ. ಡಿಪಿಎಫ್ ಇರುವ ಎಂಜಿನ್ನಿಗೆ ಕಡಿಮೆ ಬೂದಿಯ ಆಯಿಲೇ ಆಗಬೇಕು. ಮಸಿ ಸುಟ್ಟುಹೋಗುತ್ತದೆ, ಆಯಿಲಿನ ಬೂದಿ ಫಿಲ್ಟರಿನಲ್ಲೇ ಉಳಿಯುತ್ತದೆ. ಡಿಪಿಎಫ್ ಕ್ಲೇಮಿನಲ್ಲಿ ಮೊದಲು ಕೇಳುವುದೇ ಈ ಬಿಲ್ಲು. ಸರ್ವೀಸ್ ದಾಖಲೆ ಕಂಪ್ಯೂಟರಿನಲ್ಲಿದೆ ಅಂದರೆ ಅದರ ಪ್ರಿಂಟು ಕೈಗೆ ತೆಗೆದುಕೊಳ್ಳಿ.

ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದರೆ ವಾರಂಟಿ ಹೋಗುತ್ತದೆಯೆ ಎಂಬ ಪ್ರಶ್ನೆ ಹೇಗೂ ಬರುತ್ತದೆ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ, "ನಮ್ಮ ಬ್ರ್ಯಾಂಡಿನ ಬಿಡಿಭಾಗವನ್ನೇ ಹಾಕಿಸಿ, ನಮ್ಮಲ್ಲೇ ಸರ್ವೀಸ್ ಮಾಡಿಸಿ" ಎಂದು ದುಡ್ಡು ತೆಗೆದುಕೊಂಡು ಷರತ್ತು ಹಾಕುವುದನ್ನು ತಡೆಯುತ್ತದೆ. ಯುರೋಪಿಯನ್ ಒಕ್ಕೂಟದ ಸ್ಪರ್ಧಾ ನಿಯಮಗಳೂ (461/2010) ವಾಹನಗಳ ವಿಷಯದಲ್ಲಿ ಇದೇ ದಿಕ್ಕಿನವು. ಆದರೆ ಸರ್ವೀಸ್ ಹೊತ್ತಿಗೆ ಸರಿಯಾಗಿ, ಹೇಳಿದ ಆಯಿಲಿನಲ್ಲೇ ಆಗಿದೆ ಎಂದು ತೋರಿಸುವ ಕಾಗದ ನಿಮ್ಮ ಕೈಯಲ್ಲಿರಬೇಕು. ಬಾಡಿಯ ಸೋರಿಕೆ ತಪಾಸಣೆಗೆ ಮಾತ್ರ ನನ್ನ ಸಲಹೆ ನೇರ: ಪುಸ್ತಕ ಹೇಳಿದ ಅಧಿಕೃತ ವರ್ಕ್‌ಶಾಪಿಗೇ ಹೋಗಿ. ಅಲ್ಲಿ ಕಾನೂನು ವಾದ ಮಾಡಿ ಗೆಲ್ಲುವ ಹೊತ್ತಿಗೆ ಪ್ಲೈವುಡ್ ಗೊಬ್ಬರವಾಗಿರುತ್ತದೆ.

ಇನ್ನೊಂದು, ಇದು ಎರಡು ವರ್ಕ್‌ಶಾಪಿನ ನಡುವೆ ಬಿದ್ದುಹೋಗುವ ಕೆಲಸ. ನಿಮ್ಮ ಗಾಡಿಯ ಹಿಂಭಾಗಕ್ಕೆ ಆಲ್-ಕೋ ಕಂಪನಿಯ ಚಾಸಿಸ್ ಜೋಡಿಸಿದ್ದು ಆಕ್ಸಲ್ ಕೊಳವೆಯ ಮೇಲೆ ಗ್ರೀಸ್ ನಿಪ್ಪಲ್ ಇದ್ದರೆ, 20,000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ ಗ್ರೀಸ್ ಹೊಡೆಯಬೇಕು. ಗಾಡಿ ಎತ್ತಿ, ಚಕ್ರದ ಮೇಲಿನ ಭಾರ ಬಿಟ್ಟ ಮೇಲೆ. ವ್ಯಾನಿನವರು ಅದು ಬಾಡಿಯವರ ಕೆಲಸ ಅನ್ನುತ್ತಾರೆ, ಬಾಡಿಯವರು ಅದು ಚಾಸಿಸ್ ಅನ್ನುತ್ತಾರೆ. ಒಣಗಿದ ಆಕ್ಸಲ್ ಕ್ಲೇಮು ಹೋದರೆ ಇಬ್ಬರೂ ಕೈ ತೊಳೆದುಕೊಳ್ಳುತ್ತಾರೆ. ಜಾಬ್ ಕಾರ್ಡಿನಲ್ಲಿ ಹೆಸರಿಟ್ಟು ಬರೆಸಿ. ನಿಪ್ಪಲ್ ಇಲ್ಲದ, ಗ್ರೀಸ್ ಬೇಡದ ಆಕ್ಸಲ್ಲುಗಳೂ ಇವೆ, ಕೆಳಗೆ ಬಗ್ಗಿ ನೋಡಿದರೆ ಗೊತ್ತಾಗುತ್ತದೆ.

ತೇವಮೂಲೆ:

ಎಂಜಿನ್ನಿನದು ಮೇಲೆ ಬಂತು. ತೇವದ ತಪಾಸಣೆ ಅಂದರೆ ಏನು ನಡೆಯಬೇಕು ಅನ್ನುವುದನ್ನು ತಿಳಿದುಕೊಂಡೇ ಹೋಗಿ. ಗಾಡಿ ಒಳಗೆ ಕೊಟ್ಟು, ಚಹಾ ಕುಡಿದು, ಠಸ್ಸೆ ಹಾಕಿಸಿಕೊಂಡು ಬಂದರೆ ಪ್ರಯೋಜನವಿಲ್ಲ.

ಮೀಟರಿನಲ್ಲಿ ಎರಡು ಬಗೆ. ಎರಡು ಸೂಜಿ ಚುಚ್ಚಿ ನಡುವಿನ ವಿದ್ಯುತ್ ತಡೆ ಅಳೆಯುವುದು ಒಂದು. ಚುಚ್ಚದೆ, ಗೋಡೆಗೆ ಒತ್ತಿ ಹಿಡಿದರೆ ಒಳಗಿನ ಒಂದೆರಡು ಸೆಂ.ಮೀ. ತನಕ ಓದುವುದು ಇನ್ನೊಂದು. ಸಾಮಾನ್ಯವಾಗಿ ಬಳಕೆಯಲ್ಲಿರುವ ಅಳತೆ ಹೀಗೆ: 15% ತನಕ ಚಿಂತೆಯಿಲ್ಲ. 15ರಿಂದ 20 ಇದ್ದರೆ ಸುಮಾರು ಮೂರು ತಿಂಗಳಲ್ಲಿ ಅದೇ ಜಾಗ ಮತ್ತೆ ಅಳೆಯಬೇಕು. 20 ದಾಟಿದರೆ ಕಾರಣ ಹುಡುಕಲೇಬೇಕು. 30 ದಾಟಿದರೆ ಒಳಗಿನ ಮರ ಆಗಲೇ ಹಾಳಾಗುತ್ತಿದೆ ಎಂದು ತಿಳಿದೇ ಬಿಚ್ಚಬೇಕು. ಈ ಶೇಕಡಾ ಲೆಕ್ಕ ಮರಕ್ಕೆ ಹೊಂದಿಸಿದ್ದು. ಸೂಜಿಯ ತುದಿ ಅಲ್ಯೂಮಿನಿಯಂ ಪಟ್ಟಿಗೋ ಫಾಯಿಲ್‌ಗೋ ತಗುಲಿದರೆ ಮುಳ್ಳು ಕೊನೆ ಮುಟ್ಟಿಬಿಡುತ್ತದೆ, ಅದು ತೇವವಲ್ಲ. ಹಾಗೆಯೇ ಹಿಂದಿನ ರಾತ್ರಿ ಒಳಗೆ ಅಡುಗೆ ಮಾಡಿ ಮಲಗಿ, ಕಿಟಕಿ ಮುಚ್ಚಿದ ಗಾಡಿಯನ್ನು ಬೆಳಿಗ್ಗೆ ಅಳೆದರೆ ಗೋಡೆಗೆ ಕಟ್ಟಿದ ಹನಿಯೇ ಸುಳ್ಳು ಹೇಳುತ್ತದೆ. ಹೋಗುವ ಮೊದಲು ಒಂದೆರಡು ದಿನ ಕಪಾಟಿನ ಬಾಗಿಲು, ಚಾವಣಿ ಕಿಟಕಿ ತೆಗೆದು ಗಾಳಿ ಆಡಲು ಬಿಡಿ, ಹಾಸಿಗೆ ಎತ್ತಿ ನಿಲ್ಲಿಸಿ, ಕಪಾಟು ಖಾಲಿ ಮಾಡಿ. ತುಂಬಿದ ಕಪಾಟಿನ ಮೂಲೆಗೆ ಯಾರೂ ಮೀಟರ್ ತೂರಿಸುವುದಿಲ್ಲ.

ಅಳೆಯಲೇಬೇಕಾದ ಜಾಗಗಳು: ಪ್ರತಿ ಚಾವಣಿ ಕಿಟಕಿಯ ನಾಲ್ಕು ಬದಿ, ಪ್ರತಿ ಕಿಟಕಿಯ ಕೆಳಗಿನ ಎರಡು ಮೂಲೆ, ಗೋಡೆ ಮತ್ತು ಚಾವಣಿ ಸೇರುವ ಉದ್ದಗೆರೆ, ಕ್ಯಾಬಿನ್ ಮೇಲಿನ ಮಂಚದ ಮುಂಭಾಗ, ಹಿಂದಿನ ದೀಪಗಳ ಒಳಬದಿ, ಹೊರಗೆ ನೆರಳಿಗೆ ಬಿಚ್ಚುವ ಮೇಲ್ಕಟ್ಟನ್ನು ಸಿಕ್ಕಿಸುವ ಪಟ್ಟಿಯ ಉದ್ದ, ಹೊರಗಿನ ಲಾಕರ್ ಬಾಗಿಲುಗಳ ಸುತ್ತ, ಸ್ನಾನದ ತಟ್ಟೆಯ ಅಂಚಿನ ನೆಲ, ಚಕ್ರದ ಕಮಾನಿನ ಮೇಲ್ಭಾಗ. ವರದಿಯಲ್ಲಿ ಗಾಡಿಯ ನಕ್ಷೆ ಇರಬೇಕು, ಒಂದೊಂದು ಜಾಗದಲ್ಲೂ ಅಂಕಿ ಇರಬೇಕು. ಮೀಟರಿನ ಮಾಡೆಲ್, ಆ ದಿನದ ತಾಪಮಾನ, ಗಾಳಿಯ ತೇವಾಂಶ, ಗಾಡಿಯ ಕೆಳಗಿನ ನೆಲ ನೋಡಿದ್ದಾರೋ ಇಲ್ಲವೋ, ಇವೂ ಇರಬೇಕು. ಬರೀ "ಸರಿಯಿದೆ" ಗುರುತು ಹಾಕಿದ ವರದಿ ಮುಂದಿನ ವರ್ಷ ಹೋಲಿಸಲು ಬರುವುದಿಲ್ಲ. ಕಳೆದ ವರ್ಷ 11 ಇದ್ದ ಜಾಗ ಈ ವರ್ಷ 14 ಆಗಿದ್ದರೆ ಎರಡೂ "ಸರಿ"ಯೇ, ಆದರೆ ಅಲ್ಲೇನೋ ನಡೆಯುತ್ತಿದೆ.

ಬಾಡಿಯಲ್ಲಿ ಮರವೇ ಇಲ್ಲ, ಫೈಬರ್ ಮತ್ತು ಫೋಮ್ ಮಾತ್ರ ಅನ್ನುವವರಿಗೂ ತಪಾಸಣೆ ತಪ್ಪಿದ್ದಲ್ಲ. ಫೋಮ್ ಹೀರದಿದ್ದರೂ ನೀರು ಕಪಾಟಿಗೂ ವೈರಿಂಗ್‌ಗೂ ಹೋಗುತ್ತದೆ. ಷರತ್ತಂತೂ ಅದೇ ಇರುತ್ತದೆ.

ನೀಲಿಜ್ವಾಲೆ:

ಗ್ಯಾಸು, ನೀರಿನ ಕಡೆಯದು ಚುಟುಕಾಗಿ.

ಗ್ಯಾಸ್ ಹೋಸಿನ ಮೇಲೆ ತಯಾರಿಕೆಯ ವರ್ಷ ಅಚ್ಚಾಗಿರುತ್ತದೆ, ರೆಗ್ಯುಲೇಟರಿನ ಮೇಲೂ. ಅವಧಿ ಮೀರಿದ್ದನ್ನು ಬದಲಾಯಿಸದೆ ಸೋರಿಕೆ ಪರೀಕ್ಷೆ ಮಾತ್ರ ಮಾಡಿ ಬಿಟ್ಟರೆ ತಪಾಸಣೆ ಪೂರ್ತಿಯಾಗುವುದಿಲ್ಲ. ರೆಗ್ಯುಲೇಟರ್ ಸಿಲಿಂಡರಿನ ವಾಲ್ವಿಗಿಂತ ಮೇಲಿರಬೇಕು. ಕೆಳಗಿದ್ದರೆ ಎಣ್ಣೆಯಂಥ ಜಿಡ್ಡು ಹೋಸಿನಿಂದ ಇಳಿದು ಅದರೊಳಗೆ ಕೂರುತ್ತದೆ, ಆಮೇಲೆ ಹೀಟರ್ ಹತ್ತುವುದಿಲ್ಲ, "ಹೀಟರ್ ಕೆಟ್ಟಿದೆ" ಅಂತ ವಾರಂಟಿಗೆ ಹೋಗುತ್ತಾರೆ. ಹೀಟರಿಗೆ ಏನೂ ಆಗಿರುವುದಿಲ್ಲ.

ಗ್ಯಾಸಿನಲ್ಲಿ ಓಡುವ ಫ್ರಿಜ್ಜಿನ ಜ್ವಾಲೆ ನೀಲಿ ಇರಬೇಕು. ಹಳದಿ ಬಂದರೆ ಮಸಿ ಕಟ್ಟುತ್ತದೆ, ತಂಪು ಕಡಿಮೆಯಾಗುತ್ತದೆ. ಬರ್ನರ್ ಮತ್ತು ಹೊಗೆಕೊಳವೆ ಸ್ವಚ್ಛ ಮಾಡಿದ್ದಾರೆ ಅಂತ ವರದಿಯಲ್ಲಿ ಇರಲಿ, ಮೂರೂ ವಿಧಾನದಲ್ಲಿ (ಗ್ಯಾಸು, ಬ್ಯಾಟರಿ, ಹೊರಗಿನ ಕರೆಂಟು) ಓಡಿಸಿ ನೋಡಿದ್ದಾರೆ ಅಂತಲೂ ಇರಲಿ. ಕಾರ್ಬನ್ ಮಾನಾಕ್ಸೈಡ್ ಅಲಾರಮ್ಮಿನ ಮೇಲೆ ಬದಲಿಸಬೇಕಾದ ತಾರೀಖು ಬರೆದಿರುತ್ತದೆ. ಗುಂಡಿ ಒತ್ತಿದಾಗ ಕೂಗಿದರೆ ಅದು ಕೂಗುತ್ತದೆ ಅಂತಷ್ಟೇ ಅರ್ಥ.

ಚಳಿಗೆ ಒಳಗಿನ ನೀರು ಹೆಪ್ಪುಗಟ್ಟಿ ಒಡೆದ ಬಾಯ್ಲರನ್ನು ಯಾವ ವಾರಂಟಿಯೂ ಒಪ್ಪುವುದಿಲ್ಲ. ಟ್ರೂಮಾ ಹೀಟರುಗಳ ಡ್ರೈನ್ ವಾಲ್ವ್ ಸುಮಾರು 3 ಡಿಗ್ರಿಗೆ ತಾನಾಗಿ ತೆರೆದುಕೊಂಡು ನೀರು ಚೆಲ್ಲುತ್ತದೆ, ಸುತ್ತಲಿನ ಗಾಳಿ ಸುಮಾರು 7 ಡಿಗ್ರಿ ಮುಟ್ಟುವ ತನಕ ಅದನ್ನು ಮತ್ತೆ ಕೈಯಿಂದ ಮುಚ್ಚಿದರೂ ನಿಲ್ಲುವುದಿಲ್ಲ. ಅದನ್ನು "ಕೆಟ್ಟಿದೆ" ಅಂತ ಕ್ಲಿಪ್ ಹಾಕಿ ಬಿಗಿದವರೇ ಬಾಯ್ಲರ್ ಕಳೆದುಕೊಳ್ಳುವುದು. ನೀರು ಖಾಲಿ ಮಾಡುವಾಗ ನಲ್ಲಿಗಳ ಹಿಡಿಕೆ ಬಿಸಿ-ತಣ್ಣನೆಯ ನಡುವೆ ನಿಲ್ಲಿಸಿ ತೆರೆದಿಡಿ, ಶವರ್ ತಲೆ ಕೆಳಗೆ ಇಳಿಬಿಡಿ. ಆಲ್ಡೆ ತರಹದ ಬಿಸಿನೀರ ಕೊಳವೆಯ ಹೀಟಿಂಗ್ ಇದ್ದರೆ ಅದರೊಳಗಿನ ಗ್ಲೈಕಾಲ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಸಾಮಾನ್ಯದ್ದಾದರೆ 2 ವರ್ಷಕ್ಕೊಮ್ಮೆ, ದೀರ್ಘಾವಧಿಯದಾದರೆ 5 ವರ್ಷಕ್ಕೊಮ್ಮೆ ಬದಲಿಸಬೇಕು. ಯಾವ ಬಗೆ ತುಂಬಿದೆ ಅಂತ ಟ್ಯಾಂಕಿನ ಮೇಲೆ ಚೀಟಿ ಅಂಟಿಸಿಸಿ, ಬೇರೆ ಬೇರೆ ಬಗೆ ಬೆರೆಸಬೇಡಿ.

ಏಣಿ ಹತ್ತಿದವ:

ಸೋಲಾರ್ ಬಗ್ಗೆ ಯಾರೂ ಹೇಳಲಿಲ್ಲ. ಪ್ಯಾನೆಲ್ ಅಂಟಿಸಿದರೆ ಸಾಕು, ಸ್ಕ್ರೂ ಹೊಡೆಯದಿದ್ದರೆ ವಾರಂಟಿಗೆ ತೊಂದರೆಯಿಲ್ಲ ಎಂದು ಎಲ್ಲ ಕಡೆ ಓದುತ್ತೀರಿ. ಅರ್ಧ ಸರಿ. ಕೇಬಲ್ ಒಳಗೆ ಇಳಿಯಲು ಒಂದು ತೂತು ಬೇಕೇ ಬೇಕು, ತಕರಾರು ಬರುವುದು ಆ ತೂತಿಗೆ. ಮೇಲ್ಕಟ್ಟು, ಸೈಕಲ್ ಸ್ಟ್ಯಾಂಡು, ಡಿಶ್, ಹಿಂದಿನ ಕ್ಯಾಮೆರಾ, ಎಲ್ಲಕ್ಕೂ ಇದೇ ಮಾತು. ನಿಮಗೆ ಆಗಲೇ ಒಂದು ಪ್ಯಾನೆಲ್ ಇರುವುದರಿಂದ ಕಂಪನಿಯ ಕೇಬಲ್ ದಾರಿ ಇದ್ದೇ ಇರುತ್ತದೆ. ಎರಡನೆಯದನ್ನೂ ಅದರಲ್ಲೇ ಇಳಿಸಲು ಆಗುತ್ತದೆಯೇ, ಬ್ಯಾಟರಿ ಚಾರ್ಜ್ ನಿಯಂತ್ರಿಸುವ ಕಂಟ್ರೋಲರ್ ಅಷ್ಟು ವ್ಯಾಟ್ ತಡೆಯುತ್ತದೆಯೇ ಮೊದಲು ನೋಡಿ. ಬಾಡಿ ಕಟ್ಟಿದವರಿಂದ ಕೆಲಸಕ್ಕೆ ಮುಂಚೆಯೇ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ, ಯಾವ ಅಂಟು, ಯಾವ ಜಾಗ ಅಂತ ಅದರಲ್ಲಿರಲಿ. ತೂಕವನ್ನೂ ಸೇರಿಸಿ ಲೆಕ್ಕ ಹಾಕಿ. ಮಿತಿ ಮೀರಿ ತುಂಬಿದ ಗಾಡಿಯ ಆಕ್ಸಲ್, ಬಾಡಿ ಬಿರುಕು, ಯಾವುದೂ ವಾರಂಟಿಯಲ್ಲಿ ನಿಲ್ಲುವುದಿಲ್ಲ. ನೀರು, ಡೀಸೆಲ್, ಜನ ಎಲ್ಲ ತುಂಬಿಕೊಂಡು ವೇಬ್ರಿಡ್ಜ್ ಮೇಲೆ ಆಕ್ಸಲ್ ಆಕ್ಸಲ್ ಬೇರೆಯಾಗಿ ತೂಗಿಸಿ ಚೀಟಿ ಇಟ್ಟುಕೊಳ್ಳಿ.

ಸೀಲೆಂಟ್ (ನೀರು ಇಳಿಯದಂತೆ ಜೋಡಣೆಗಳಿಗೆ ತುಂಬುವ ಅಂಟು) ನೋಡಿಕೊಳ್ಳುವುದು ಮಾಲೀಕರ ಕೆಲಸ ಎಂದು ಬಹುಪಾಲು ಪುಸ್ತಕಗಳು ಹೇಳುತ್ತವೆ. ಅಮೆರಿಕದ ಹಲವು ಗಾಡಿಗಳ ಪುಸ್ತಕದಲ್ಲಿ ಚಾವಣಿಯನ್ನು 90 ದಿನಕ್ಕೊಮ್ಮೆ ನೋಡಬೇಕು ಎಂದೇ ಇರುತ್ತದೆ. ವರ್ಕ್‌ಶಾಪಿನ ತಪಾಸಣೆ ಇದಕ್ಕೆ ಬದಲಿಯಲ್ಲ. ಏಣಿ ಹಾಕಿ, ಒಂದೇ ಕೋನಗಳಿಂದ ಫೋಟೊ ತೆಗೆದು ತಾರೀಖಿನ ಸಮೇತ ಇಡಿ. ಪ್ರೆಶರ್ ವಾಷರ್ ಮೂತಿಯನ್ನು ಸೀಲೆಂಟ್ ಗೆರೆಗೆ, ಕಿಟಕಿ ರಬ್ಬರಿಗೆ ಹಿಡಿಯಲೇಬೇಡಿ. ಇಪಿಡಿಎಂ ರಬ್ಬರ್ ಚಾವಣಿಗೆ ಪೆಟ್ರೋಲ್ ಮೂಲದ ಕ್ಲೀನರ್ ತಾಗಿಸಬೇಡಿ, ಉಬ್ಬುತ್ತದೆ.

ಉರುಳುಮನೆ:

ಎಲ್ಲರಿಗೂ ಥ್ಯಾಂಕ್ಸ್. ತಪಾಸಣೆ ಆಯಿತು, ಎರಡೂ ಅವಧಿಯೊಳಗೇ. ವರದಿಯಲ್ಲಿ ಎರಡು ಜಾಗ ಬಿಟ್ಟು ಎಲ್ಲ ಕಡೆ 9ರಿಂದ 12. ಮಧ್ಯದ ಚಾವಣಿ ಕಿಟಕಿಯ ಹಿಂಬದಿ 17, ಹಿಂದಿನ ಎಡಮೂಲೆಯ ಕೆಳಗೆ 24. "ಗಮನಿಸುತ್ತಿರಿ, ಮುಂದಿನ ವರ್ಷ ನೋಡೋಣ" ಅಂತ ಬಾಯಲ್ಲಿ ಹೇಳಿದರು, ಠಸ್ಸೆ ಹಾಕಿದರು. ಆ ಮೂಲೆಗೆ ಹೊರಗಿನಿಂದ ಒಂದು ಟ್ಯೂಬ್ ಸಿಲಿಕೋನ್ ಎಳೆದುಬಿಡಲೆ?

ತೇವಮೂಲೆ:

ಬೇಡ. ಸಿಲಿಕೋನ್ ಅಂಟಿದ ಜಾಗಕ್ಕೆ ಆಮೇಲೆ ಬೇರೆ ಸೀಲೆಂಟ್ ಹಿಡಿಯುವುದಿಲ್ಲ, ಪೂರ್ತಿ ಕೆರೆದು ತೆಗೆಯುವುದು ಯಾತನೆ. ನೀರು ಒಳಬರುವ ದಾರಿ ಬೇರೆಯಿದ್ದು ನೀವು ಮುಚ್ಚಿದ್ದು ಹೊರಹೋಗುವ ದಾರಿಯಾಗಿದ್ದರೆ ತೇವ ಒಳಗೇ ಕೂರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, "ಮಾಲೀಕರು ತಾವೇ ರಿಪೇರಿ ಮಾಡಿದ್ದಾರೆ" ಎಂದು ಬರೆಯಲು ಅವರಿಗೆ ಸುಲಭದ ದಾರಿ ಕೊಟ್ಟ ಹಾಗೆ.

17ಕ್ಕೆ ಮೂರು ತಿಂಗಳ ಮರುತಪಾಸಣೆ ಸಾಕು. 24 ಹಾಗಲ್ಲ. ಅದು ನಿಮ್ಮ ಕೈಯಲ್ಲಿರುವ ಕಾಗದದ ಮೇಲೇ ಇದೆ, ಅಂದರೆ ನಿಮಗೆ ಗೊತ್ತಿತ್ತು. ಮುಂದಿನ ವರ್ಷ ಅದು 35 ಆದರೆ, ಕಂಡ ಕೂಡಲೇ ತಿಳಿಸಲಿಲ್ಲ ಎಂಬ ಷರತ್ತನ್ನು ಮುಂದಿಡುತ್ತಾರೆ. ಇವತ್ತೇ ವರ್ಕ್‌ಶಾಪಿಗೂ ಬಾಡಿ ಕಟ್ಟಿದವರಿಗೂ ಒಂದೇ ಮೇಲ್ ಹಾಕಿ: ಚಾಸಿಸ್ ನಂಬರ್, ಬಾಡಿಯ ಸೀರಿಯಲ್ ನಂಬರ್ (ಎರಡೂ ಬೇರೆ ಬೇರೆ), ತಪಾಸಣೆಯ ದಿನ, ವರದಿಯ ಪ್ರತಿ, 24 ಬಂದ ಜಾಗದ ಫೋಟೊ. "ಇದನ್ನು ವಾರಂಟಿ ಕ್ಲೇಮ್ ಎಂದು ದಾಖಲಿಸಿ, ಕ್ಲೇಮ್ ನಂಬರ್ ಕೊಡಿ" ಎಂಬ ಸಾಲು ಇರಲೇಬೇಕು. "ಪರಿಶೀಲಿಸಿ" ಅಂತ ಬರೆದರೆ ಪರಿಶೀಲಿಸುತ್ತಲೇ ಇರುತ್ತಾರೆ.

ಆಮೇಲೆ ಕಾರಣ ಹುಡುಕುವ ಕೆಲಸ. ನೀರು ಒಳಗಿನ ಮರದ ಪಟ್ಟಿ ಹಿಡಿದು ಹರಿಯುತ್ತದೆ, ಹಾಗಾಗಿ ತೇವ ಕಂಡ ಜಾಗವೇ ಸೋರುವ ಜಾಗವಲ್ಲ. ಹಿಂದಿನ ಕೆಳಮೂಲೆಗೆ ಮೂರು ಅನುಮಾನ: ಮೇಲಿನ ಮೂಲೆಯ ಜೋಡಣೆ, ಹಿಂದಿನ ದೀಪದ ಗ್ಯಾಸ್ಕೆಟ್, ಚಕ್ರ ಎರಚುವ ನೀರು ನೆಲದ ಅಂಚಿನಿಂದ ಒಳಗೆ ಹೋಗುವುದು. ದೀಪ ಬಿಚ್ಚಿಸಿ ಹಿಂದೆ ಕಲೆ ಇದೆಯೇ ನೋಡಲು ಹೇಳಿ, ಅದು ಹತ್ತು ನಿಮಿಷದ ಕೆಲಸ. ನಂತರ ಹೋಸ್ ಪರೀಕ್ಷೆ: ಒತ್ತಡವಿಲ್ಲದ ಸಾದಾ ನೀರು, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು. ನೀರು ಬಿಡುವುದು ಕೆಳಗಿನಿಂದ ಮೇಲಕ್ಕೆ, ಒಂದೊಂದು ಮಟ್ಟದಲ್ಲಿ ಹತ್ತು ನಿಮಿಷ. ಮೇಲಿಂದ ಶುರುಮಾಡಿದರೆ ಇಳಿದ ನೀರು ಕೆಳಗಿನ ಜೋಡಣೆಯಲ್ಲಿ ನುಗ್ಗಿರುತ್ತದೆ, ನೀವು ಮೇಲಿನದನ್ನು ಬಿಚ್ಚಿ ಕೂತಿರುತ್ತೀರಿ. ಕೆಲವು ವರ್ಕ್‌ಶಾಪಿನಲ್ಲಿ ಬ್ಲೋವರ್ ಹಾಕಿ ಒಳಗೆ ಗಾಳಿಯ ಒತ್ತಡ ಸ್ವಲ್ಪ ಏರಿಸಿ, ಹೊರಗೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ಅಂತ ನೋಡುತ್ತಾರೆ. ಅದು ಸಿಕ್ಕರೆ ಇನ್ನೂ ಒಳ್ಳೆಯದು.

ರಿಪೇರಿ ಆದ ಮೇಲೆ ಎರಡು ಅಂಕಿ ಕೇಳಿ: ಒಣಗಿಸಿ ಮುಚ್ಚುವ ಮುಂಚಿನ ಅಳತೆ, ಮೂರು ತಿಂಗಳ ನಂತರದ ಅಳತೆ. ಒದ್ದೆ ಇರುವಾಗಲೇ ಮೇಲೆ ಹೊಸ ಹಾಳೆ ಅಂಟಿಸಿದರೆ ಒಳಗೆ ಕೊಳೆಯುತ್ತದೆ.

ಉರುಳುಮನೆ:

ಮೇಲ್ ಕಳಿಸಿದೆ, ಕ್ಲೇಮ್ ನಂಬರ್ ಬಂತು. ದಿನ ಕೊಟ್ಟಿರುವುದು ಐದು ವಾರ ಆಚೆ. ಅಲ್ಲಿ ತನಕ ಗಾಡಿ ಓಡಿಸಬಹುದೆ?

ಏಣಿ ಹತ್ತಿದವ:

ಓಡಿಸಬಹುದು. ನಿಲ್ಲಿಸುವಾಗ ಮೂಗು ಸ್ವಲ್ಪ ತಗ್ಗಿಗೆ, ಬಲಕ್ಕೆ ಸ್ವಲ್ಪ ವಾಲಿರಲಿ. ಚಾವಣಿಯ ನೀರು ಆ ಮೂಲೆಗೆ ಹೋಗುವುದಿಲ್ಲ. ಪ್ಲಾಸ್ಟಿಕ್ ತಾಡಪಾಲು ಬಿಗಿದು ಸುತ್ತಬೇಡಿ, ಒಳಗೆ ಬೆವರುತ್ತದೆ. ಅನುಮಾನದ ಜೋಡಣೆಯ ಮೇಲೆ ಅಗಲವಾದ ಬಟ್ಟೆ ಟೇಪ್ ಹಚ್ಚಿ, ಆಮೇಲೆ ಕಿತ್ತು ಬರುವಂಥದ್ದು. ಹಚ್ಚುವ ಮುಂಚೆ ಒಂದು ಫೋಟೊ, ಹಚ್ಚಿದ ಮೇಲೆ ಒಂದು. ಎರಡನ್ನೂ "ಹಾನಿ ಹೆಚ್ಚದಂತೆ ತಾತ್ಕಾಲಿಕ ವ್ಯವಸ್ಥೆ" ಅಂತ ಬರೆದು ಅದೇ ಕ್ಲೇಮ್ ನಂಬರಿಗೆ ಕಳಿಸಿ.